ಸೀಸದ ನಾಣ್ಯಗಳು: ಲೋಹದ ಬೆಲೆ ಮತ್ತು ಬರಹದ ಬೆಲೆ

ನಾಣ್ಯವು ವ್ಯವಹಾರದ ಸಾಧನವಾಗಿ ಹುಟ್ಟಿ, ವ್ಯವಹಾರದಿಂದ ಹೊರಬಿದ್ದ ಮೇಲೆ ಇತಿಹಾಸದ ಸಾಧನವಾಗುತ್ತದೆ. ಅದು ಚಲಾವಣೆಯಲ್ಲಿರುವಾಗ ಜನರು ಅದರ ಲೋಹವನ್ನೂ ತೂಕವನ್ನೂ ನೋಡುತ್ತಾರೆ. ಚಲಾವಣೆ ತಪ್ಪಿದ ಮೇಲೆ ವಿದ್ವಾಂಸರು ಅದರ ಮೇಲಿನ ಅಕ್ಷರವನ್ನೂ ಚಿಹ್ನೆಯನ್ನೂ ದೊರೆತ ಸ್ಥಳವನ್ನೂ ನೋಡುತ್ತಾರೆ. ಈ ಎರಡು ದೃಷ್ಟಿಗಳು ಎಷ್ಟು ಭಿನ್ನವಾದುವೆಂಬುದಕ್ಕೆ ಸೀಸದ ನಾಣ್ಯಗಳಿಗಿಂತ ಉತ್ತಮ ನಿದರ್ಶನ ದೊರೆಯಲಾರದು. ಹಳೆಯ ನಾಣ್ಯವೆಂದೊಡನೆ ಸಾಮಾನ್ಯರ ಮನಸ್ಸು ಚಿನ್ನದ ವರಹ, ಗದ್ಯಾಣ, ಬೆಳ್ಳಿಯ ರೂಪಾಯಿಗಳ ಕಡೆಗೆ ಹರಿಯುತ್ತದೆ. ಆದರೆ ಕನ್ನಡ ನಾಡಿನ ಅತಿ ಪ್ರಾಚೀನ ಅರಸುಮನೆತನಗಳಲ್ಲಿ ಕೆಲವುಗಳ ಹೆಸರನ್ನು ಇಂದಿಗೂ ಉಳಿಸಿಕೊಟ್ಟಿರುವುದು ಚಿನ್ನವೂ ಅಲ್ಲ, ಬೆಳ್ಳಿಯೂ ಅಲ್ಲ. ಕಾಸಿಗೂ ಬಾಳದೆಂದು ಎಸೆಯಬಹುದಾದ ಕಪ್ಪು ಸೀಸದ ಬಿಲ್ಲೆಗಳು. ಈ ಕಾರಣದಿಂದ ಅಪೂರ್ವ ಲೋಹಗಳ ನಾಣ್ಯಗಳನ್ನು ಸಂಗ್ರಹಿಸುವವರು ಮೊದಲು ಅರಿಯಬೇಕಾದುದು ಅವುಗಳ ಮಾರುಕಟ್ಟೆಯ ಬೆಲೆಯನ್ನಲ್ಲ, ಅವು ಏನನ್ನು ಹೇಳಬಲ್ಲವು ಎಂಬುದನ್ನು.

ಚಿನ್ನದ ನಾಡಿನಲ್ಲಿ ಸೀಸದ ಮಾತು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಈ ಸೀಮೆ ಪ್ರಾಚೀನತೆಯಲ್ಲಿ ಯಾವ ಪ್ರದೇಶಕ್ಕೂ ಹಿಂದೆ ಬೀಳುವಂಥದಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದು 1931ರಲ್ಲಿ ಬೆಳಕಿಗೆ ಬಂದಿತು. ಕುಕನೂರಿನ ನವಲಿಂಗ ದೇವಾಲಯಗಳು, 1112ರಲ್ಲಿ ದಂಡನಾಯಕ ಮಹಾದೇವನು ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯ ಇವು ಇಲ್ಲಿಯ ಐಶ್ವರ್ಯಕ್ಕೆ ಸಾಕ್ಷಿಯಾಗಿ ನಿಂತಿವೆ. ಕುಕನೂರಿನ ನೆರೆಯಲ್ಲಿರುವ ಮಂಗಳೂರು (ಇದು ಕರಾವಳಿಯ ಮಂಗಳೂರಲ್ಲ) ಮೊದಲಾದ ಹಳ್ಳಿಗಳಿಂದ ಪಡುವಣಕ್ಕೆ ಸಾಗಿದರೆ ಸಿಕ್ಕುವ ಲಕ್ಕುಂಡಿಯೇ ಶಾಸನೋಕ್ತ ಲೊಕ್ಕಿಗುಂಡಿ. ಅಲ್ಲಿ ಟಂಕಸಾಲೆಯಿದ್ದು, ಅಲ್ಲಿಯ ನಾಣ್ಯವು ‘ಲೊಕ್ಕಿ ಗದ್ಯಾಣ’ವೆಂದು ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಪ್ರಸಿದ್ಧವಾಗಿದೆ. ಪೂರ್ವಕ್ಕೆ ತುಂಗಭದ್ರೆಯ ದಡದ ಆನೆಗೊಂದಿ, ಅದರ ಎದುರು ದಡದ ಹಂಪೆ ಇವು ವಿಜಯನಗರದ ವರಹಗಳನ್ನು ನೆನಪಿಗೆ ತರುತ್ತವೆ.

ಹೀಗೆ ಎರಡು ಕಡೆಯಲ್ಲಿಯೂ ಚಿನ್ನದ ನಾಣ್ಯಗಳ ಕೀರ್ತಿಯಿರುವ ನೆಲದಲ್ಲಿ ಸೀಸದ ಕಡೆಗೆ ಜನರ ಗಮನ ಹರಿಯದಿದ್ದುದು ಆಶ್ಚರ್ಯವಲ್ಲ. ಆದರೆ ಚಿನ್ನಕ್ಕೆ ಅದರ ಬೆಲೆಯೇ ಶತ್ರು. ಹೊಲದಲ್ಲಿ ಸಿಕ್ಕ ಚಿನ್ನದ ನಾಣ್ಯವು ಪತ್ತಾರನ ಮೂಸೆಗೆ ಹೋಗಿ ಒಡವೆಯಾಗುತ್ತದೆ. ಒಮ್ಮೆ ಕರಗಿದ ಮೇಲೆ ಅದರಲ್ಲಿದ್ದ ಅರಸನ ಹೆಸರು ಯಾವ ಒರೆಗಲ್ಲಿಗೂ ಕಾಣದು. ಸೀಸವನ್ನು ಕರಗಿಸಿ ಪಡೆಯುವ ಲಾಭವಿಲ್ಲದ ಕಾರಣ ಅದು ಮಣ್ಣಿನಲ್ಲಿಯೇ ಉಳಿಯಿತು. ಅದರ ಅನಾದರವೇ ಅದಕ್ಕೆ ರಕ್ಷಣೆಯಾಯಿತೆಂದು ಹೇಳಬಹುದು. ಇಂದು ಹಳೆಯ ನಾಣ್ಯಗಳ ವ್ಯಾಪಾರ ಬೆಳೆದಿರುವುದರಿಂದ ಆ ರಕ್ಷಣೆಯೂ ತಪ್ಪುತ್ತಿದೆ.

ಸೀಸ, ಪೋಟಿನ್ ಮತ್ತು ಟಂಕಿಸುವ ವಿಧಾನ

ಶಾತವಾಹನರ ಕಾಲದಲ್ಲಿ, ಎಂದರೆ ಕ್ರಿಸ್ತಶಕದ ಆದಿಯ ಹಿಂದುಮುಂದಿನ ಶತಮಾನಗಳಲ್ಲಿ, ದಕ್ಷಿಣಾಪಥದ ನಿತ್ಯವ್ಯವಹಾರವು ಬಹುಮಟ್ಟಿಗೆ ಸೀಸ, ತಾಮ್ರ ಮತ್ತು ಪೋಟಿನ್ ನಾಣ್ಯಗಳಿಂದ ನಡೆಯುತ್ತಿತ್ತು. ಪೋಟಿನ್ ಎಂಬುದು ತಾಮ್ರದಲ್ಲಿ ಸೀಸ, ತವರಗಳನ್ನು ಬೆರೆಸಿದ ಮಿಶ್ರಲೋಹಕ್ಕೆ ನಾಣ್ಯಶಾಸ್ತ್ರಜ್ಞರು ಬಳಸುವ ಹೆಸರು. ಇದರಲ್ಲಿ ಪ್ರಮಾಣಗಳು ಒಂದೇ ತೆರನಾಗಿರುವುದಿಲ್ಲ. ಶಾತವಾಹನ ಅರಸರು ತಮ್ಮ ಮುಖವನ್ನು ಮೂಡಿಸಿದ ಬೆಳ್ಳಿಯ ನಾಣ್ಯಗಳನ್ನೂ ಹೊರಡಿಸಿದುದುಂಟು. ಅವುಗಳಲ್ಲಿ ಒಂದು ಬದಿಗೆ ಪ್ರಾಕೃತದ ಬರಹ, ಇನ್ನೊಂದು ಬದಿಗೆ ದ್ರಾವಿಡ ದೇಶಭಾಷೆಯ ಬರಹವಿರುವುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಗಮನಾರ್ಹ ಸಂಗತಿ. ಆದರೆ ಸಂತೆಯಲ್ಲಿ ಕೈಯಿಂದ ಕೈಗೆ ಹರಿದಾಡಿದುವು ಮುಖ್ಯವಾಗಿ ಅಗ್ಗದ ಲೋಹದ ನಾಣ್ಯಗಳೇ.

ಸೀಸವನ್ನು ಆರಿಸಿಕೊಂಡುದಕ್ಕೆ ಅದರ ಗುಣಗಳೂ ಕಾರಣವಾಗಿರಬೇಕು. ಚಿನ್ನ ಕರಗಲು 1064 ಡಿಗ್ರಿ, ತಾಮ್ರ ಕರಗಲು 1085 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಸೀಸವಾದರೋ 327 ಡಿಗ್ರಿಗೇ ಕರಗುತ್ತದೆ. ಸಾಧಾರಣ ಒಲೆಯ ಬೆಂಕಿ ಅದಕ್ಕೆ ಸಾಕು. ಲೋಹ ಮೆತ್ತಗಿರುವುದರಿಂದ ಬಿಲ್ಲೆಯ ಮೇಲೆ ಅಚ್ಚನ್ನಿಟ್ಟು ಹೊಡೆದರೆ ಚಿಹ್ನೆಗಳು ಸುಲಭವಾಗಿ ಮೂಡುತ್ತವೆ. ಆದರೆ ಅದೇ ಮೆದುತನದಿಂದ ಬಳಕೆಯಲ್ಲಿ ಬೇಗ ಸವೆಯುತ್ತದೆ, ಅಂಚು ಬಾಗುತ್ತದೆ. ಬಿಲ್ಲೆಗಿಂತ ಅಚ್ಚು ದೊಡ್ಡದಾಗಿದ್ದರೆ ಬರಹದ ಒಂದು ಪಾಲು ಬಿಲ್ಲೆಯ ಹೊರಗೇ ಉಳಿದುಬಿಡುತ್ತದೆ. ಈ ಕಾರಣಗಳಿಂದ ಒಂದೇ ನಾಣ್ಯದಲ್ಲಿ ಅರಸನ ಹೆಸರು ಪೂರ್ಣವಾಗಿ ದೊರೆಯುವುದು ಅಪರೂಪ. ಹಲವು ನಾಣ್ಯಗಳನ್ನು ಜೊತೆಗಿಟ್ಟು, ಒಂದರಲ್ಲಿ ಅಳಿದ ಅಕ್ಷರವನ್ನು ಇನ್ನೊಂದರಿಂದ ತುಂಬಿ ಹೆಸರನ್ನು ಓದಬೇಕಾಗುತ್ತದೆ. ರಾಶಿಯಾಗಿ ಸಿಕ್ಕ ನಾಣ್ಯಗಳನ್ನು ಚದುರಿಸಿ ಮಾರಬಾರದೆಂದು ವಿದ್ವಾಂಸರು ಹೇಳುವುದು ಇದಕ್ಕಾಗಿಯೇ.

ಈ ಸೀಸವು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಗೆ ಹೊರದೇಶದ ಗ್ರಂಥಗಳಲ್ಲಿ ಕೆಲವು ಸೂಚನೆಗಳಿವೆ. ಭಾರತದಲ್ಲಿ ಸೀಸವಿಲ್ಲವೆಂದೂ, ಅಲ್ಲಿಯವರು ತಮ್ಮ ಮುತ್ತುರತ್ನಗಳನ್ನು ಕೊಟ್ಟು ಅದನ್ನು ಪಡೆಯುತ್ತಾರೆಂದೂ ಒಂದನೆಯ ಶತಮಾನದ ರೋಮನ್ ಗ್ರಂಥಕಾರ ಪ್ಲಿನಿ ಬರೆದಿದ್ದಾನೆ. ಅದೇ ಶತಮಾನದ ಗ್ರೀಕ್ ನಾವಿಕಗ್ರಂಥ ‘ಪೆರಿಪ್ಲಸ್’ ಪಶ್ಚಿಮ ಸಮುದ್ರದ ಬಂದರುಗಳಿಗೆ ಬರುತ್ತಿದ್ದ ಸರಕುಗಳಲ್ಲಿ ತಾಮ್ರ, ತವರ, ಸೀಸಗಳನ್ನು ಹೆಸರಿಸುತ್ತದೆ. ಭಾರತದಲ್ಲಿ ಸೀಸದ ಗಣಿಗಳಿದ್ದುವಾದ್ದರಿಂದ ಪ್ಲಿನಿಯ ಮಾತನ್ನು ಅಕ್ಷರಶಃ ಒಪ್ಪಬೇಕಾಗಿಲ್ಲ; ಆದರೂ ಹೊರಗಿನಿಂದ ಸೀಸ ಬರುತ್ತಿತ್ತೆಂಬುದು ನಿಶ್ಚಿತ. ಇಂದು ನಾವು ಕೀಳೆಂದು ಬಗೆಯುವ ಲೋಹವು ಅಂದು ಸಮುದ್ರ ದಾಟಿ ಬರುತ್ತಿದ್ದ ಬೇಡಿಕೆಯ ವಸ್ತುವಾಗಿತ್ತು. ಲೋಹಗಳ ಮೇಲುಕೀಳು ಕಾಲಾಧೀನವೆಂಬುದನ್ನು ಇದು ತೋರಿಸುತ್ತದೆ.

ಕನ್ನಡ ನೆಲದ ಸೀಸದ ನಾಣ್ಯಗಳು

ಮ್ಯಾಕದೋನಿಯಲ್ಲಿ ದೊರೆತ ಪುಳುಮಾವಿಯ ಶಾಸನವು ‘ಸಾತವಾಹನಿಹಾರ’ವೆಂಬ ಪ್ರದೇಶವನ್ನು ಹೇಳುತ್ತದೆ; ಹಿರೇಹಡಗಲಿಯ ಪಲ್ಲವ ತಾಮ್ರಪಟವು ‘ಸಾತಾಹನಿರಟ್ಠ’ವನ್ನು ಉಲ್ಲೇಖಿಸುತ್ತದೆ. ಇವೆರಡೂ ಹಳೆಯ ಬಳ್ಳಾರಿ ಸೀಮೆಗೆ ಸೇರಿದುವು. ಹಿರೇಹಡಗಲಿಯಂತೂ ತುಂಗಭದ್ರೆಯ ಆಚೆಗೆ ಕೊಪ್ಪಳ ಸೀಮೆಗೆ ಸಮೀಪದಲ್ಲಿಯೇ ಇದೆ. ಹೀಗೆ ಶಾತವಾಹನರ ಹೆಸರನ್ನೇ ಹೊತ್ತ ನಾಡು ಈ ಸೀಮೆಯ ಮಗ್ಗುಲಲ್ಲಿತ್ತು. ಆದ್ದರಿಂದ ಸೀಸದ ನಾಣ್ಯಗಳ ವಿಚಾರ ಇಲ್ಲಿಯವರಿಗೆ ದೂರದ ವಿಚಾರವಲ್ಲ. ಇಲ್ಲಿಂದ ತೆಂಕಣಕ್ಕಿರುವ ಚಂದ್ರವಳ್ಳಿಯು ಈ ನಾಣ್ಯಗಳ ಅಧ್ಯಯನಕ್ಕೆ ಮುಖ್ಯ ಸ್ಥಳವಾಗಿದೆ.

ಚಿತ್ರದುರ್ಗದ ಬೆಟ್ಟಗಳ ಮಡಿಲಿನಲ್ಲಿರುವ ಚಂದ್ರವಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸೀಸದ ನಾಣ್ಯಗಳು ಕಂಡುಬಂದುವು. ಅವುಗಳಲ್ಲಿ ಒಂದು ಬಗೆಯ ದೊಡ್ಡ ನಾಣ್ಯದ ಮುಂಭಾಗದಲ್ಲಿ ಹಿಣಿಲುಳ್ಳ ವೃಷಭವೂ, ಹಿಂಭಾಗದಲ್ಲಿ ಕಟಾಂಜನದೊಳಗಿನ ಮರ ಹಾಗೂ ಕಮಾನುಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ಬೆಟ್ಟವೂ ಇವೆ. ವೃಷಭದ ಸುತ್ತ ಬ್ರಾಹ್ಮೀ ಲಿಪಿಯಲ್ಲಿ ಸದಕನ ಕಳಲಾಯ ಮಹಾರಠಿಯ ಹೆಸರಿದೆ. ಮಹಾರಠಿಗಳು ಶಾತವಾಹನರ ಕಾಲದ ಪ್ರಬಲ ಅಧಿಕಾರಿಗಳು. ಅಂಥವರಲ್ಲಿ ಒಬ್ಬನು ತನ್ನ ಹೆಸರಿನಲ್ಲಿ ನಾಣ್ಯ ಹೊರಡಿಸುವಷ್ಟು ಸ್ವತಂತ್ರನಾಗಿ ಚಿತ್ರದುರ್ಗದ ಸೀಮೆಯಲ್ಲಿದ್ದನೆಂಬುದು ಈ ಸೀಸದ ಬಿಲ್ಲೆಗಳಿಂದ ತಿಳಿದ ವಿಷಯ.

ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಉತ್ಖನನ ನಡೆಸಿ 1929ರ ವರದಿಯ ಪುರವಣಿಯಲ್ಲಿ ಅದರ ವಿವರವನ್ನು ಪ್ರಕಟಿಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯೊಡನೆ ಚಂದ್ರವಳ್ಳಿಯನ್ನೂ ಪದರಪದರವಾಗಿ ಅಗೆಸಿದರು. ಆಗ ರೋಮಿನ ಸಾಮ್ರಾಟ ತಿಬೇರಿಯಸ್‌ನ ಬೆಳ್ಳಿಯ ನಾಣ್ಯವೊಂದು ಅಲ್ಲಿ ದೊರೆಯಿತು. ತಿಬೇರಿಯಸ್ ಆಳಿದುದು ಕ್ರಿ.ಶ. 14ರಿಂದ 37ರವರೆಗೆ. ಆ ನಾಣ್ಯವಿದ್ದ ಪದರವು ಅವನ ಕಾಲಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಕಾಲ ತಿಳಿದ ಒಂದು ನಾಣ್ಯದ ನೆರವಿನಿಂದ, ಕಾಲ ನಮೂದಿಸದ ಸ್ಥಳೀಯ ನಾಣ್ಯಗಳ ಮತ್ತು ಮಡಕೆ ಚೂರುಗಳ ಕಾಲವನ್ನು ಊಹಿಸಲು ಹೀಗೆ ಆಧಾರ ದೊರೆಯುತ್ತದೆ. ಅದೇ ರೋಮನ್ ನಾಣ್ಯವನ್ನು ಯಾರಾದರೂ ಮೊದಲೇ ಅಗೆದು ಮಾರಿದ್ದರೆ ಅದು ಬೆಳ್ಳಿಯ ತುಣುಕಾಗಿ ಉಳಿಯುತ್ತಿತ್ತೇ ಹೊರತು ಚಂದ್ರವಳ್ಳಿಯ ಇತಿಹಾಸಕ್ಕೆ ಗಡಿಯಾರವಾಗುತ್ತಿರಲಿಲ್ಲ.

ಕರಾವಳಿಯ ಕಾರವಾರದಲ್ಲಿ ದೊರೆತ ಸೀಸದ ನಾಣ್ಯಗಳು ಇನ್ನೊಂದು ಮನೆತನವನ್ನು ಪರಿಚಯಿಸುತ್ತವೆ. ಅವುಗಳ ಮೇಲೆ ಚುಟುಕುಲಾನಂದ ಮತ್ತು ಮುಳಾನಂದ ಎಂಬ ಅರಸರ ಹೆಸರುಗಳನ್ನು ಓದಲಾಗಿದೆ. ಚುಟುಕುಲದ ಹೆಸರು ಬನವಾಸಿ ಮತ್ತು ಶಿಕಾರಿಪುರ ಸೀಮೆಯ ಮಳವಳ್ಳಿಗಳ ಪ್ರಾಕೃತ ಶಾಸನಗಳಲ್ಲಿಯೂ ಬರುತ್ತದೆ. ಶಾತವಾಹನರಿಗೂ ಕದಂಬರಿಗೂ ನಡುವಣ ಕಾಲದಲ್ಲಿ ಬನವಾಸಿ ನಾಡನ್ನು ಆಳಿದವರ ವಿಷಯವಾಗಿ ಕಲ್ಲಿನ ಬರಹವೂ ಸೀಸದ ಬರಹವೂ ಒಂದಕ್ಕೊಂದು ಹೀಗೆ ಪೂರಕವಾಗಿವೆ.

ಗಡಿನಾಡಾದ ಕೊಲ್ಹಾಪುರದಲ್ಲಿ ದೊರೆತ ಸೀಸದ ನಾಣ್ಯಗಳು ಮತ್ತೂ ಕುತೂಹಲಕರವಾದುವು. ಬಿಲ್ಲುಬಾಣಗಳ ಚಿಹ್ನೆಯುಳ್ಳ ಈ ನಾಣ್ಯಗಳು ವಾಸಿಷ್ಠೀಪುತ್ರ ವಿಳಿವಾಯಕುರ, ಮಾಢರೀಪುತ್ರ ಸಿವಲಕುರ, ಗೌತಮೀಪುತ್ರ ವಿಳಿವಾಯಕುರ ಎಂಬ ಮೂವರು ಅರಸರವು. ಇವರಲ್ಲಿ ಯಾರು ಮೊದಲು, ಯಾರು ಅನಂತರ ಎಂಬುದನ್ನು ಹೇಳುವ ಶಾಸನವಿಲ್ಲ. ಆದರೆ ಮಾಢರೀಪುತ್ರನು ವಾಸಿಷ್ಠೀಪುತ್ರನ ನಾಣ್ಯಗಳ ಮೇಲೆಯೇ ತನ್ನ ಅಚ್ಚನ್ನು ಹೊಡೆಸಿದ್ದಾನೆ. ಗೌತಮೀಪುತ್ರನು ಅವರಿಬ್ಬರ ನಾಣ್ಯಗಳ ಮೇಲೂ ತನ್ನ ಮುದ್ರೆಯನ್ನು ಒತ್ತಿಸಿದ್ದಾನೆ. ಕೆಳಗಿನ ಮುದ್ರೆ ಹಿಂದಿನವನದು, ಮೇಲಿನ ಮುದ್ರೆ ಮುಂದಿನವನದು ಎಂಬ ಸರಳ ತರ್ಕದಿಂದ ಮೂವರ ಅನುಕ್ರಮ ಸ್ಥಿರಪಟ್ಟಿತು. 1908ರಲ್ಲಿ ಪ್ರಕಟವಾದ ರ್‍ಯಾಪ್ಸನ್ನನ ಆಂಧ್ರ ನಾಣ್ಯಗಳ ಸೂಚಿಯಲ್ಲಿ ಈ ಮರುಮುದ್ರೆಯ ನಾಣ್ಯಗಳ ವಿವೇಚನೆಯಿದೆ. ಎರಡು ಮುದ್ರೆಗಳು ಕಲಸಿ ಅಂದಗೆಟ್ಟ ಇಂಥ ನಾಣ್ಯವನ್ನು ಅಂದವನ್ನೇ ನೋಡುವ ಸಂಗ್ರಾಹಕನು ಬದಿಗಿಡುತ್ತಾನೆ. ಇತಿಹಾಸಕ್ಕೆ ಬೇಕಾದುದು ಅದೇ.

ಪೋಟಿನ್ ನಾಣ್ಯಗಳ ಉಪಕಾರಕ್ಕೆ ವಿದರ್ಭದ ಅಕೋಲಾ ಸೀಮೆಯ ತರ್‍ಹಾಳದಲ್ಲಿ 1939ರಲ್ಲಿ ದೊರೆತ ನಿಕ್ಷೇಪವೊಂದೇ ಸಾಕು. ಸುಮಾರು 1600 ನಾಣ್ಯಗಳಿದ್ದ ಆ ರಾಶಿಯಲ್ಲಿ ಪುರಾಣಗಳ ರಾಜವಂಶಾವಳಿಯಲ್ಲಿ ಕಾಣದ ಕುಂಭ ಸಾತಕರ್ಣಿ, ಕರ್ಣ ಸಾತಕರ್ಣಿ ಮೊದಲಾದವರ ಹೆಸರುಗಳಿದ್ದುವು. ಗ್ರಂಥಗಳು ಮರೆತ ಅರಸರನ್ನು ಮಿಶ್ರಲೋಹದ ಬಿಲ್ಲೆಗಳು ನೆನಪಿಟ್ಟುಕೊಂಡಿದ್ದುವು.

ವೃಷಭವನ್ನು ಕಂಡಾಗ

ಇಲ್ಲಿ ಭಕ್ತರಾದ ವಾಚಕರಿಗೆ ಸಹಜವಾಗಿ ಒಂದು ಜಿಜ್ಞಾಸೆ ಹುಟ್ಟಬಹುದು. ಚಂದ್ರವಳ್ಳಿಯ ಸೀಸದ ನಾಣ್ಯದ ವೃಷಭವು ನಂದಿಯೇ? ಹಾಗಾದರೆ ಮಹಾರಠಿಯು ಶೈವನೇ? ಹೌದೆನ್ನಲು ಮನಸ್ಸು ಎಳೆಯುತ್ತದೆಯಾದರೂ ಶಾಸ್ತ್ರವು ತಡೆಯುತ್ತದೆ. ಪ್ರಾಚೀನ ನಾಣ್ಯಗಳಲ್ಲಿ ಆನೆ, ಸಿಂಹ, ಕುದುರೆ, ವೃಷಭ ಇವು ಬೇರೆ ಬೇರೆ ಮತಗಳ ಪೋಷಕರಾದ ಅರಸರಲ್ಲಿಯೂ ಬರುತ್ತವೆ. ಅದೇ ನಾಣ್ಯದ ಹಿಂಭಾಗದ ಕಮಾನುಬೆಟ್ಟವನ್ನು ಬೌದ್ಧ ಚೈತ್ಯವೆಂದು ಕೆಲವರೂ, ಬರಿಯ ಪರ್ವತವೆಂದು ಕೆಲವರೂ ಅರ್ಥೈಸಿದ್ದಾರೆ. ಒಂದು ಬದಿಯನ್ನು ನೋಡಿ ಶೈವನೆಂದೂ ಇನ್ನೊಂದು ಬದಿಯನ್ನು ನೋಡಿ ಬೌದ್ಧನೆಂದೂ ಒಬ್ಬನನ್ನೇ ಕರೆಯುವುದು ಯುಕ್ತವಲ್ಲ. ಚಿಹ್ನೆಗೆ ಬರಹದ ಬೆಂಬಲವಿದ್ದಾಗ ಮಾತ್ರ ಮತದ ನಿರ್ಣಯ ಸಾಧ್ಯ. ಸತ್ಯವನ್ನು ಬಯಸುವ ಭಕ್ತಿಗೆ ಇಂಥ ಸಂಯಮದಿಂದ ಕುಂದು ಬರುವುದಿಲ್ಲ. ಶಿವಭಕ್ತಿಯ ಪ್ರಾಚೀನತೆಗೆ ಶಾಸನಗಳಲ್ಲಿ ಬೇಕಾದಷ್ಟು ಆಧಾರಗಳಿರುವಾಗ ಸಂದಿಗ್ಧವಾದ ಒಂದು ಚಿಹ್ನೆಯನ್ನು ಸಾಕ್ಷಿಗೆಳೆಯುವ ಅವಶ್ಯಕತೆಯೂ ಇಲ್ಲ.

ಇತರ ಅಪೂರ್ವ ಲೋಹಗಳು

ಸೀಸದಂತೆಯೇ ಬೇರೆ ಲೋಹಗಳ ನಾಣ್ಯಗಳೂ ತಮ್ಮ ತಮ್ಮ ಕಥೆಗಳನ್ನು ಹೇಳುತ್ತವೆ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಬಾಹ್ಲೀಕ ದೇಶದ ಗ್ರೀಕ್ ಅರಸರಾದ ಪ್ಯಾಂಟಲಿಯಾನ್, ಅಗಾಥೊಕ್ಲಿಸ್ ಮತ್ತು ಎರಡನೆಯ ಯುಥಿಡಿಮಸ್ ಇವರು ತಾಮ್ರ ನಿಕಲ್‌ಗಳ ಮಿಶ್ರಲೋಹದಲ್ಲಿ ನಾಣ್ಯಗಳನ್ನು ಹೊರಡಿಸಿದರು. ನಿಕಲ್ ಒಂದು ಪ್ರತ್ಯೇಕ ಧಾತುವೆಂಬುದು ಯುರೋಪಿನಲ್ಲಿ ತಿಳಿದದ್ದು 1751ರಲ್ಲಿ. ಹೆಸರೇ ತಿಳಿಯದ ಲೋಹವನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಟಂಕಸಾಲೆಯವರು ಬಳಸಿದ್ದರೆಂಬುದು ವಿಸ್ಮಯಕರ.

ಲೋಹದ ಬೆಲೆಯನ್ನು ಆಜ್ಞೆಯಿಂದ ಬದಲಿಸಲು ಹೋಗಿ ಸೋತವನು ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್. 1327ರ ಸುಮಾರಿಗೆ ಅವನ ಸೈನ್ಯವು ಇದೇ ಗಂಗಾವತಿ ಸೀಮೆಯ ಕುಮ್ಮಟದುರ್ಗವನ್ನು ಹಿಡಿದು ಕಂಪಿಲಿಯ ರಾಜ್ಯವನ್ನು ಅಳಿಸಿತು. ಅದಾದ ಕೆಲವೇ ವರ್ಷಗಳಲ್ಲಿ, ಸುಮಾರು 1329ರಿಂದ 1332ರ ಅವಧಿಯಲ್ಲಿ, ಅವನು ಹಿತ್ತಾಳೆ ತಾಮ್ರಗಳ ನಾಣ್ಯಗಳನ್ನು ಬೆಳ್ಳಿಯ ಟಂಕದ ಬೆಲೆಗೆ ಚಲಾಯಿಸಿದನು. ಸುಲ್ತಾನನಿಗೆ ವಿಧೇಯನಾದವನು ದೇವರಿಗೇ ವಿಧೇಯನು ಎಂಬ ಅರ್ಥದ ಬರಹವನ್ನೂ ಅವುಗಳ ಮೇಲೆ ಹಾಕಿಸಿದನು. ಆದರೆ ಜನರು ಮನೆಮನೆಗಳಲ್ಲಿ ಅಂಥ ನಾಣ್ಯಗಳನ್ನು ಮಾಡಿದರೆಂದು ಸಮಕಾಲೀನ ಇತಿಹಾಸಕಾರ ಬರನಿ ದೂರಿದ್ದಾನೆ. ಕೊನೆಗೆ ಬೊಕ್ಕಸದಿಂದ ಬೆಳ್ಳಿ ಚಿನ್ನಗಳನ್ನು ತೆತ್ತು ಅವನ್ನು ಹಿಂದೆ ಪಡೆಯಬೇಕಾಯಿತು. ದೇವರ ಹೆಸರನ್ನು ಬರೆದ ಮಾತ್ರಕ್ಕೆ ಹಿತ್ತಾಳೆಯ ಮೇಲೆ ನಂಬಿಕೆ ಹುಟ್ಟಲಿಲ್ಲ.

ಇಪ್ಪತ್ತನೆಯ ಶತಮಾನದ ನಾಣ್ಯಗಳೂ ಈ ದೃಷ್ಟಿಯಿಂದ ಸಂಗ್ರಹಯೋಗ್ಯವೇ. 1907ರಲ್ಲಿ ತಾಮ್ರ ನಿಕಲ್‌ಗಳ ಒಂದಾಣೆ ಬಂದಿತು. ಎರಡನೆಯ ಮಹಾಯುದ್ಧದ ಒತ್ತಡದಿಂದ 1940ರಲ್ಲಿ ರೂಪಾಯಿಯ ಬೆಳ್ಳಿಯು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ಬೆಳ್ಳಿಯನ್ನು ಪೂರ್ಣವಾಗಿ ಬಿಟ್ಟು ನಿಕಲ್‌ನದಾಯಿತು. 1957ರ ದಶಮಾಂಶ ಪದ್ಧತಿಯ ಅನಂತರ, ಅರುವತ್ತರ ದಶಕದ ನಡುವಿನಿಂದ ಸಣ್ಣ ಪೈಸೆಗಳು ಅಲ್ಯೂಮಿನಿಯಮ್ಮಿನವಾದುವು. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಮಕ್ಕಳಿಗೆ ನಾಣ್ಯಸಂಗ್ರಹದ ರುಚಿಯನ್ನು ಹತ್ತಿಸಬೇಕೆನ್ನುವವರು ಇವುಗಳಿಂದಲೇ ಆರಂಭಿಸುವುದು ಲೇಸು. ಇವುಗಳಿಗೆ ಹೆಚ್ಚು ಹಣ ಬೇಕಾಗಿಲ್ಲ, ಕಾನೂನಿನ ತೊಡಕೂ ಇಲ್ಲ. ಯುದ್ಧ, ಬೆಲೆಯೇರಿಕೆ, ರಾಜ್ಯಪರಿವರ್ತನೆಗಳು ಲೋಹದಲ್ಲಿ ಹೇಗೆ ಅಚ್ಚೊತ್ತಿವೆ ಎಂಬುದನ್ನು ಕೈಯಲ್ಲಿಟ್ಟು ತೋರಿಸಬಹುದು.

ಸಂಗ್ರಹದ ಕ್ರಮ

ಪ್ರಾಚೀನ ನಾಣ್ಯವೊಂದು ದೈವವಶಾತ್ ಕಣ್ಣಿಗೆ ಬಿದ್ದರೆ ಮೊದಲು ಮಾಡಬೇಕಾದುದು ಅದು ದೊರೆತ ಸ್ಥಳವನ್ನು ಬರೆದಿಡುವುದು. ಊರು, ಹೊಲದ ಹೆಸರು, ಹೊಳೆ ಹಳ್ಳಗಳಿಂದ ದೂರ, ಮೇಲ್ಮಣ್ಣಿನಲ್ಲಿ ಸಿಕ್ಕಿತೋ ಆಳದಲ್ಲಿ ಸಿಕ್ಕಿತೋ, ಜೊತೆಗೆ ಮಡಕೆ ಚೂರು, ಮಣಿ, ಇಟ್ಟಿಗೆಗಳಿದ್ದುವೋ ಎಂಬುದನ್ನು ದಿನಾಂಕದೊಡನೆ ನಮೂದಿಸಬೇಕು. ಹೆಚ್ಚು ಸಿಕ್ಕೀತೆಂದು ಅಗೆಯಲು ತೊಡಗಬಾರದು. ಅಗೆದರೆ ಪದರಗಳು ಕಲಸಿಹೋಗುತ್ತವೆ. ಒಮ್ಮೆ ಕಲಸಿದ ಮಣ್ಣನ್ನು ಯಾವ ವಿದ್ವಾಂಸನೂ ಮತ್ತೆ ಪದರವಾಗಿ ಹಾಸಲಾರನು.

ಎರಡನೆಯದಾಗಿ, ನಾಣ್ಯವನ್ನು ಉಜ್ಜಿ ತೊಳೆಯಬಾರದು. ಹಿತ್ತಾಳೆ ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಬೆಳಗುವ ನಮ್ಮ ಮನೆಗಳ ರೂಢಿ ನಾಣ್ಯಗಳಿಗೆ, ಅದರಲ್ಲಿಯೂ ಸೀಸಕ್ಕೆ, ಮಾರಕ. ಸೀಸದ ಮೇಲೆ ಕಾಲಾಂತರದಲ್ಲಿ ಕಟ್ಟುವ ಬೂದುಗಪ್ಪು ಪೊರೆಯೇ ಅದನ್ನು ಕಾಯುತ್ತದೆ. ಹುಳಿಯು ಆ ಪೊರೆಯನ್ನು ತಿಂದು ಲೋಹವನ್ನೂ ತಿನ್ನುತ್ತದೆ. ಅಕ್ಷರದ ಅಂಚುಗಳು ಮೊದಲು ಅಳಿಯುತ್ತವೆ. ಮರದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೂ ಅಪಾಯವಿದೆ. ಕೆಲವು ಜಾತಿಯ ಮರಗಳಿಂದ ಹೊಮ್ಮುವ ಆಮ್ಲದ ಆವಿಯಿಂದ ಸೀಸವು ಬಿಳಿಯ ಪುಡಿಯಾಗಿ ಉದುರತೊಡಗುತ್ತದೆ. ಇದನ್ನು ತಡೆಯಲು ಆಮ್ಲರಹಿತ ಕಾಗದದ ಲಕೋಟೆ ಅಥವಾ ಒಳ್ಳೆಯ ಪ್ಲಾಸ್ಟಿಕ್ಕಿನ ಡಬ್ಬಿಗಳಲ್ಲಿ, ತೇವವಿಲ್ಲದ ಕಡೆ, ಒಂದಕ್ಕೊಂದು ತಾಗದಂತೆ ಇಡಬೇಕು. ಸೀಸವು ದೇಹಕ್ಕೆ ವಿಷವಾದುದರಿಂದ ಮುಟ್ಟಿದ ಕೈಗಳನ್ನು ತೊಳೆದುಕೊಳ್ಳಬೇಕು. ಬಿಳಿಯ ಪುಡಿ ಕಂಡರೆ ಬರಿಗೈಯಿಂದ ಒರಸಬಾರದು, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು.

ಮೂರನೆಯದು ಖೊಟ್ಟಿ ನಾಣ್ಯಗಳ ವಿಚಾರ. ಸುಲಭವಾಗಿ ಕರಗುವ ಗುಣವು ಪ್ರಾಚೀನ ಟಂಕಸಾಲೆಗೆ ಅನುಕೂಲವಾದಂತೆ ಇಂದಿನ ವಂಚಕನಿಗೂ ಅನುಕೂಲವೇ. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೇಲ್ಮೈಯಲ್ಲಿ ಸಣ್ಣ ಗುಳ್ಳೆಗಳ ಗುಳಿ, ಮೊಂಡಾದ ಅಕ್ಷರಗಳು ಕಾಣಬಹುದು. ಎರಡು ನಾಣ್ಯಗಳಲ್ಲಿ ಒಂದೇ ಬಗೆಯ ಸವೆತ, ಒಂದೇ ಸ್ಥಳದಲ್ಲಿ ಒಂದೇ ಬಗೆಯ ಒಡಕು ಇದ್ದರೆ ಅವು ಒಂದೇ ಎರಕದ ಮಕ್ಕಳೆಂದು ಸಂಶಯಪಡಬೇಕು; ಕೈಯಿಂದ ಕೈಗೆ ಹೋಗಿ ಸವೆದ ಎರಡು ನಾಣ್ಯಗಳು ಒಂದೇ ರೀತಿ ಸವೆಯುವುದಿಲ್ಲ. ಆದರೆ ಪೋಟಿನ್ ಬಿಲ್ಲೆಗಳು ಪ್ರಾಚೀನ ಕಾಲದಲ್ಲಿಯೇ ಎರಕದಿಂದಲೂ ತಯಾರಾಗುತ್ತಿದ್ದುದರಿಂದ ಎರಕದ ಗುರುತು ಕಂಡೊಡನೆ ಖೊಟ್ಟಿಯೆನ್ನಲಾಗದು. ಅನುಭವಿಗಳ ನೆರವು ಬೇಕು. ಪ್ರೊ. ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಕುರಿತು 1975ರಲ್ಲಿ ಪ್ರಕಟಿಸಿದ ಗ್ರಂಥದಂಥ ಕೃತಿಗಳೊಡನೆ ಹೋಲಿಸಿ ನೋಡುವ ಅಭ್ಯಾಸವೂ ಬೇಕು.

ನಿಧಿಯಾಸೆ ಮತ್ತು ಕಾನೂನು

ನೆಲದಲ್ಲಿ ಹುದುಗಿ ದೊರೆತ ನಿಧಿಯು ಕಂಡವನ ಸ್ವತ್ತೆಂಬುದು ತಪ್ಪು ತಿಳಿವಳಿಕೆ. 1878ರ ಭಾರತೀಯ ನಿಧಿ ಕಾಯಿದೆಯಲ್ಲಿಯೇ ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ವಿಧಿಯಿದೆ. ಕರ್ನಾಟಕದಲ್ಲಿ ಇದಕ್ಕಾಗಿ 1962ರ ಪ್ರತ್ಯೇಕ ಕಾಯಿದೆಯೂ ಉಂಟು. ನಿಧಿ ಸಿಕ್ಕವರು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು; ಮುಚ್ಚಿಟ್ಟರೆ ಶಿಕ್ಷೆಗೆ ಗುರಿಯಾಗಬೇಕಾಗುತ್ತದೆ. 1972ರಲ್ಲಿ ಅಂಗೀಕೃತವಾಗಿ 1976ರ ಏಪ್ರಿಲ್ 5ರಿಂದ ಜಾರಿಗೆ ಬಂದ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷಗಳಿಗೆ ಕಡಿಮೆಯಿಲ್ಲದ ನಾಣ್ಯಗಳು ಪುರಾವಸ್ತುಗಳ ವರ್ಗಕ್ಕೆ ಸೇರುತ್ತವೆ. ಅವುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅವುಗಳ ವ್ಯಾಪಾರ ಮಾಡುವವರು ಪರವಾನಿಗೆ ಪಡೆಯಬೇಕು.

ಕಾನೂನಿಗಿಂತಲೂ ಹೆಚ್ಚು ಚಿಂತಿಸಬೇಕಾದುದು ಆಸೆಯ ವಿಷಯವನ್ನು. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಹಣ ಬರುತ್ತದೆಂಬ ಸುದ್ದಿಗಳು ಹಬ್ಬಿ, ಮುಂಗಡ ಶುಲ್ಕದ ನೆಪದಲ್ಲಿ ಜನರನ್ನು ಸುಲಿಯುವುದು ಹೆಚ್ಚಿದಾಗ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಬಹಿರಂಗ ಎಚ್ಚರಿಕೆ ನೀಡಿತು. ತನ್ನ ಹೆಸರಿನಲ್ಲಿ ಇಂಥ ಶುಲ್ಕ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದು ಅದು ಸ್ಪಷ್ಟಪಡಿಸಿತು. ಇದು ಹಣದ ಹಾನಿ. ನಿಧಿಯಾಸೆಯಿಂದ ಆಗುವ ಇನ್ನೊಂದು ಹಾನಿ ತುಂಬಿಬಾರದಂಥದು. 2019ರ ಜುಲೈಯಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ಶ್ರೀ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಕೆಡವಿದರು. ಭಕ್ತರು ಅದನ್ನು ಬೇಗನೆ ಮತ್ತೆ ನಿಲ್ಲಿಸಿದರಾದರೂ ಆ ನೋವು ಮರೆಯುವಂಥದಲ್ಲ. ಪಾಳುಗುಡಿಗಳಲ್ಲಿ ಲಿಂಗವನ್ನು ಕಿತ್ತು, ನಂದಿಯನ್ನು ಒಡೆದು ಕೆಳಗೆ ಹೊನ್ನಿದೆಯೇ ಎಂದು ಹುಡುಕುವ ದುಷ್ಕೃತ್ಯಗಳೂ ಇದೇ ಬೇರಿನಿಂದ ಹುಟ್ಟಿದುವು. ಒಂದು ಹಿಡಿ ಲೋಹಕ್ಕಾಗಿ ತಲೆತಲಾಂತರಗಳ ಪೂಜಾಸ್ಥಾನವನ್ನೇ ಅಗೆಯುವವನಿಗೆ ಲೋಹದ ಬೆಲೆಯೊಂದಲ್ಲದೆ ಬೇರೆ ಬೆಲೆ ಕಾಣದಾಗಿದೆ.

ಮಠಗಳ ಹೊಣೆ

ಈ ವಿಷಯದಲ್ಲಿ ಮಠಗಳು ಮಾಡಬಹುದಾದ ಕೆಲಸ ದೊಡ್ಡದು. ತಾಳೆಗರಿಯ ಕಟ್ಟುಗಳನ್ನು ಕಾಪಾಡಿ ಶರಣರ ವಚನಗಳನ್ನು ನಾಡಿಗೆ ಉಳಿಸಿಕೊಟ್ಟವುಗಳಲ್ಲಿ ಮಠಗಳೂ ಸೇರಿವೆ. ಕಾಣಿಕೆಯಾಗಿ ಬಂದ ಹಳೆಯ ನಾಣ್ಯಗಳು ಮಠದ ಪೆಟ್ಟಿಗೆಗಳಲ್ಲಿದ್ದರೆ ಅವುಗಳ ತೂಕ, ಅಳತೆ, ಚಿಹ್ನೆ, ಬರಹ, ಯಾವ ಊರಿನಿಂದ ಬಂದುವು ಎಂಬುದನ್ನು ಪಟ್ಟಿಮಾಡಿ ಛಾಯಾಚಿತ್ರಗಳೊಡನೆ ಇಡುವುದು ಅಗತ್ಯ. ರೈತನಿಗೆ ಹೊಲದಲ್ಲಿ ಏನಾದರೂ ಸಿಕ್ಕಾಗ ಅವನು ಮೊದಲು ಕೇಳುವುದು ತಾನು ನಂಬಿದ ಹಿರಿಯರನ್ನು. ಆಗ ‘ಉಜ್ಜಬೇಡ, ಮಾರಬೇಡ, ಎಲ್ಲಿ ಸಿಕ್ಕಿತೆಂದು ಬರೆಸು, ತಹಶೀಲ್ದಾರರಿಗೆ ತಿಳ�ಿಸು’ ಎಂಬ ನಾಲ್ಕು ಮಾತುಗಳು ಶ್ರೀಮಠದಿಂದ ಬಂದರೆ ಕಾಯಿದೆಯ ಹತ್ತು ಕಲಮುಗಳಿಗಿಂತ ಹೆಚ್ಚು ಪರಿಣಾಮಕಾರಿಯಾಗುತ್ತವೆ. ವಿದ್ಯಾರ್ಥಿಗಳಿಗೆ ಬ್ರಾಹ್ಮೀ ಲಿಪಿಯನ್ನು ಮತ್ತು ಹಳಗನ್ನಡ ಲಿಪಿಯನ್ನು ಓದಲು ಕಲಿಸುವ ಕಿರು ಶಿಬಿರಗಳನ್ನು ನಡೆಸುವುದೂ ಇದೇ ಸೇವೆಯ ಅಂಗ.

ಬಸವಣ್ಣನವರು ಭಂಡಾರಿಗಳಾಗಿದ್ದರೆಂಬುದನ್ನು ನೆನೆಯುವವರು ಅವರನ್ನು ಕುರಿತ ಎರಡು ಕಥೆಗಳನ್ನೂ ನೆನೆಯಬೇಕು. ಬಿಜ್ಜಳನ ಆಸ್ಥಾನದಲ್ಲಿ ಯಾರಿಂದಲೂ ಓದಲಾಗದ ಲಿಪಿಯನ್ನು ಅವರು ಓದಿ ನಿಧಿಯಿದ್ದ ನೆಲೆಯನ್ನು ತಿಳಿಸಿದರೆಂದು ಪುರಾಣ ಸಂಪ್ರದಾಯ ಹೇಳುತ್ತದೆ. ಬೊಕ್ಕಸದ ಹಣವನ್ನು ಜಂಗಮರಿಗೆ ಸವೆಸಿದರೆಂದು ದೂರು ಬಂದಾಗ ಎಣಿಸಿ ನೋಡಿದರೆ ಒಂದು ನಾಣ್ಯವೂ ಕಡಿಮೆಯಾಗಿರಲಿಲ್ಲವೆಂಬುದು ಎರಡನೆಯ ಕಥೆ. ಮೊದಲನೆಯದರಲ್ಲಿ ಓದುವ ವಿದ್ಯೆಯಿದೆ, ಎರಡನೆಯದರಲ್ಲಿ ಪರರ ಒಡವೆಯನ್ನು ಮುಟ್ಟದ ಶುಚಿತ್ವವಿದೆ. ಹಳೆಯ ನಾಣ್ಯಗಳನ್ನು ಕೂಡಿಸುವವನಿಗೆ ಈ ಎರಡೂ ಬೇಕು. ನೆಲದಲ್ಲಿರುವ ನಾಣ್ಯ ಹಿಂದಿನವರದು ಮತ್ತು ಮುಂದಿನವರದು. ಇಂದಿನವನು ಅದರ ಭಂಡಾರಿ ಮಾತ್ರ. ಈ ಅರಿವಿನಿಂದ ಕಾಪಾಡಿದ ಸೀಸದ ಒಂದು ಬಿಲ್ಲೆ, ಅರಿವಿಲ್ಲದೆ ಕರಗಿಸಿದ ನೂರು ಗದ್ಯಾಣಗಳಿಗಿಂತ ನಾಡಿಗೆ ಹೆಚ್ಚಿನ ಸಂಪತ್ತು.